ದೇವದುರ್ಗದ ದಾರಿ ಮತ್ತು ತೀರ್ಪುಗಾರರ ಕುರ್ಚಿ

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸು ಕಲ್ಮಲೆಯನ್ನು ದಾಟಿ ಗಬ್ಬೂರಿನ ಕಡೆಗೆ ಸಾಗಿತೆಂದರೆ, ದಾರಿಯ ಎರಡು ಮಗ್ಗುಲಿಗೂ ಎರೆಯ ಹೊಲಗಳು ಕಣ್ಣು ಹರಿಯುವಷ್ಟು ದೂರ ಹರಡಿಕೊಂಡಿರುವುವು. ನಾವು ಹೊರಟದ್ದು ಕಾರಹುಣ್ಣಿಮೆ ಕಳೆದ ನಾಲ್ಕನೆಯ ದಿನ. ಮುಂಗಾರಿನ ಒಂದು ಹದವಾದ ಮಳೆ ಬಿದ್ದು ನೆಲವು ಕಾಡಿಗೆಯಂತೆ ಕಪ್ಪಾಗಿದ್ದಿತು. ದೇವದುರ್ಗದ ಮಿತ್ರರು ಮಕ್ಕಳ ಕೋಲಾಟ ಮತ್ತು ನೃತ್ಯಗಳ ಸ್ಪರ್ಧೆಯೊಂದನ್ನು ಏರ್ಪಡಿಸಿ, ತೀರ್ಪುಗಾರರಲ್ಲಿ ಒಬ್ಬರಾಗಿ ನಾವು ಬರಬೇಕೆಂದು ಕರೆದಿದ್ದರು. ಎರಡು ಸಲ ಒಲ್ಲೆವೆಂದೆವು. ಮೂರನೆಯ ಸಲ ಒಪ್ಪಿದೆವು. ಒಲ್ಲೆವೆಂದುದಕ್ಕೆ ಕಾರಣವುಂಟು, ಅದನ್ನು ಮುಂದೆ ನಿವೇದಿಸುವೆವು.

ಹಿಂದಿನ ದಿನಗಳಲ್ಲಿ ರಾಯಚೂರಿನಲ್ಲಿ ಭಾರವಾದ ಕಲ್ಲೆಳೆಯುವ ಎತ್ತುಗಳ ಪಂದ್ಯವನ್ನು ನೋಡಿದ್ದೆವು. ಮುನ್ನೂರುಕಾಪು ಸಮಾಜದವರು ಕಾರಹುಣ್ಣಿಮೆಯ ಮುಂಗಾರು ಹಬ್ಬದಲ್ಲಿ ಇದನ್ನು ನಡೆಸುವರು. ಒಂದೂವರೆ ಟನ್ನಿನಿಂದ ಎರಡೂವರೆ ಟನ್ನಿನವರೆಗಿನ ಕಲ್ಲನ್ನು ನೊಗಕ್ಕೆ ಬಿಗಿದು, ಗೊತ್ತಾದ ಹೊತ್ತಿನೊಳಗೆ ಯಾವ ಜೋಡಿ ಹೆಚ್ಚು ದೂರ ಎಳೆಯುವುದೋ ಅದಕ್ಕೆ ಬಹುಮಾನ. ಈ ಸೀಮೆಗೆ ಕಲ್ಲೆಳೆಯುವುದು ಹೊಸತಲ್ಲ. ರಾಯಚೂರಿನ ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ ಒಂದೇ ಬಂಡೆ ಸುಮಾರು 41 ಅಡಿ ಉದ್ದವಿರುವುದು; ಅದನ್ನು ಬಂಡಿಯ ಮೇಲೇರಿಸಿ, ಜೋಡಿ ಜೋಡಿಯಾಗಿ ಹೂಡಿದ ಜಾನುವಾರುಗಳ ಸಾಲಿನಿಂದ ಎಳೆಸಿ ತಂದ ಚಿತ್ರವನ್ನೂ ಅಲ್ಲಿಯೇ ಕೊರೆದಿರುವರು. ಪಂದ್ಯದಲ್ಲಿ ಜಗಳವೇ ಇಲ್ಲವೆಂದು ಹೇಳಲಾರೆವು. ಎತ್ತನ್ನು ಹೊಡೆದದ್ದು ಹೆಚ್ಚಾಯಿತು, ಗಡಿಯಾರ ತಡವಾಯಿತು ಎಂದು ಕೂಗುವವರು ಇದ್ದೇ ಇರುವರು. ಆದರೆ ಅಳತೆಯ ಪಟ್ಟಿಯನ್ನು ನೆಲಕ್ಕೆ ಹಾಸಿದ ಮೇಲೆ ಕೂಗು ತಣಿಯುವುದು.

ಈಗ ನಮ್ಮ ಕಾರಣ. ಹನ್ನೆರಡು ವರ್ಷಗಳ ಹಿಂದೆ ಇದೇ ದೇವದುರ್ಗದಲ್ಲಿ ಇಂತಹದೇ ಸ್ಪರ್ಧೆಗೆ ಮೂವರು ತೀರ್ಪುಗಾರರಲ್ಲಿ ನಾವೂ ಒಬ್ಬರಾಗಿದ್ದೆವು. ಕೊನೆಗೆ ಉಳಿದವರು ಇಬ್ಬರು ಬಾಲಿಕೆಯರು. ಒಬ್ಬಳು ನಮ್ಮ ಪರಿಚಿತರ ಮಗಳು. ಆ ಮಧ್ಯಾಹ್ನ ನಾವು ಉಂಡದ್ದು ಅವರ ಮನೆಯಲ್ಲಿ. ಇನ್ನೊಬ್ಬಳು ಒಂದು ಜೋಡಿ ಎತ್ತಿನ ರೈತನ ಮಗಳು. ಉಳಿದಿಬ್ಬರ ಅಂಕಗಳು ಸಮನಾಗಿ ನಿಂತಿದ್ದುವು; ನಾವು ಪರಿಚಿತರ ಮಗಳಿಗೆ ಒಂದಂಕ ಹೆಚ್ಚು ಹಾಕಿದೆವು. ಹಾಕುವಾಗ ನ್ಯಾಯವೆಂದೇ ಹಾಕಿದೆವೆಂಬುದು ದಿಟ. ಆದರೆ ರೈತನ ಮಗಳು ಒಮ್ಮೆಯೂ ತಾಳ ತಪ್ಪಿರಲಿಲ್ಲ, ಮತ್ತೊಬ್ಬಳು ಎರಡು ಕಡೆ ತಪ್ಪಿದ್ದಳು ಎಂಬುದು ರಾತ್ರಿ ಮಲಗಿದ ಮೇಲೆ ನೆನಪಿಗೆ ಬಂದಿತು. ಬೆಳಿಗ್ಗೆ ಬಸ್‌ನಿಲ್ದಾಣದಲ್ಲಿ ಆ ರೈತ ಎದುರಾದ. ಕೋಪವೇನೂ ಇರಲಿಲ್ಲ.

"ಮಾಸ್ತರ, ಎತ್ತು ಎಳದದ್ದು ಪಟ್ಟಿ ಹಿಡದು ಅಳೀತಾರ್ರಿ. ನಮ್ಮ ಹುಡುಗಿ ಕುಣದದ್ದು ನೀವು ಯಾದರಾಗ ಅಳದ್ರಿ?"

ಬಸ್ಸು ಬಂದಿತು, ನಾವು ಹತ್ತಿದೆವು.

ಆ ಪ್ರಶ್ನೆಯನ್ನು ಹೊತ್ತುಕೊಂಡಿದ್ದುದರಿಂದಲೇ, ಮಂಜುಗಡ್ಡೆಯ ಮೇಲೆ ಉಕ್ಕಿನ ಅಲಗಿನ ಪಾದರಕ್ಷೆ ತೊಟ್ಟು ನರ್ತಿಸುವವರ ವ್ಯಾಜ್ಯವನ್ನು ಓದಿದಾಗ ನಮ್ಮ ಮನಸ್ಸು ಅಲ್ಲಿ ನೆಟ್ಟಿತು. ದೇವದುರ್ಗದವರಿಗೆ ಮಂಜುಗಡ್ಡೆಯೆಂದರೆ ಬೇಸಗೆಯಲ್ಲಿ ಶರಬತ್ತಿನ ಅಂಗಡಿಯವನು ಗೋಣಿತಟ್ಟಿನಲ್ಲಿ ಸುತ್ತಿಡುವ ಬರ್ಫು. ಅದರ ಮೇಲೆ ನೃತ್ಯವೆಂದರೆ ನಗುವರು. ಆದರೂ ವಾಚಕರು ಕೇಳಬೇಕು. 2002ರ ಫೆಬ್ರವರಿಯಲ್ಲಿ, ಅಮೆರಿಕೆಯ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸಿನಲ್ಲಿ, ಜೋಡಿನರ್ತನದ ಚಿನ್ನದ ಪದಕಕ್ಕೆ ರಷ್ಯದ ಬೆರೆಜ್ನಾಯ–ಸಿಖರುಲಿದ್ಜೆ ದಂಪತಿಗಳಲ್ಲದ ಜೋಡಿಯೂ ಕೆನಡದ ಸಾಲೆ–ಪೆಲೆಟಿಯೇ ಜೋಡಿಯೂ ಎದುರುಬದುರಾದುವು. ರಷ್ಯದ ತರುಣನು ಒಂದು ನೆಗೆತದಲ್ಲಿ ಹೆಜ್ಜೆ ತಪ್ಪಿದನು, ಕೆನಡದವರು ತಪ್ಪಲಿಲ್ಲ. ಆದರೂ ಒಂಬತ್ತು ತೀರ್ಪುಗಾರರಲ್ಲಿ ಐವರು ರಷ್ಯದವರನ್ನು ಮೇಲೆಂದರು. ಫ್ರಾನ್ಸಿನ ತೀರ್ಪುಗಾರ್ತಿ ಲೆ ಗೂನ್ಯೆ ತಮ್ಮ ದೇಶದ ಸಂಘದ ಅಧ್ಯಕ್ಷರಿಂದ ಒತ್ತಾಯ ಬಂದಿತ್ತೆಂದು ಹೇಳಿ, ಆಮೇಲೆ ಆ ಮಾತನ್ನು ಹಿಂತೆಗೆದುಕೊಂಡರು. ಅಧ್ಯಕ್ಷರು ಅದನ್ನು ಅಲ್ಲಗಳೆದರು. ಇಬ್ಬರನ್ನೂ ಮೂರು ವರ್ಷ ದೂರವಿಟ್ಟರು. ಕೆನಡದವರಿಗೂ ಒಂದು ಚಿನ್ನವನ್ನು ಕೊಟ್ಟರು.

ಬಳಿಕ 2004ರಲ್ಲಿ ಆರು ಅಂಕಗಳ ಹಳೆಯ ಪದ್ಧತಿಯನ್ನೇ ತೆಗೆದುಹಾಕಿ, ಪ್ರತಿಯೊಂದು ನೆಗೆತಕ್ಕೂ ತಿರುಗಣೆಗೂ ಮೊದಲೇ ಬೆಲೆ ಕಟ್ಟಿ, ಅತಿ ಹೆಚ್ಚಿನ ಮತ್ತು ಅತಿ ಕಡಮೆಯ ಅಂಕಗಳನ್ನು ಬಿಟ್ಟು, ನಡುವಣವುಗಳ ಸರಾಸರಿಯನ್ನು ತೆಗೆಯುವ ಕ್ರಮವನ್ನು ತಂದರು. ಇಷ್ಟು ಚೆನ್ನಾಗಿತ್ತು. ಆದರೆ ಯಾರು ಎಷ್ಟು ಕೊಟ್ಟರೆಂಬುದನ್ನು ಮರೆಮಾಡಿದರು! ತೀರ್ಪುಗಾರನ ಮೇಲೆ ಒತ್ತಾಯ ಬಾರದಿರಲೆಂಬುದು ಅವರ ಸಮಾಧಾನ. ಮುಖ ಮುಚ್ಚಿಕೊಂಡ ನ್ಯಾಯಾಧಿಪತಿಯನ್ನು ಯಾರು ನಂಬುವರು? 2014ರಲ್ಲಿ ಸೋಚಿಯಲ್ಲಿ ಕೊರಿಯದ ಕಿಮ್ ಯುನಾ ಎರಡನೆಯವಳಾದಾಗ ಮತ್ತೆ ಕೋಲಾಹಲವೆದ್ದಿತು. 2016ರಲ್ಲಿ ಆ ಮರೆಯನ್ನು ತೆಗೆದರು.

ಇದೆಲ್ಲವೂ ನಮ್ಮವರಿಗೆ ತಿಳಿಯದ ಸಂಗತಿಯಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರವನ್ನು ಓದಿದವರು ಬಲ್ಲರು. ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರಿಗೆ ಯಾರು ಮೇಲೆಂಬ ಕಲಹ. ತಾನೇ ತೀರ್ಪಿತ್ತರೆ ಪಕ್ಷಪಾತವೆಂದಾರೆಂದು ರಾಜನು ಪಂಡಿತೆ ಕೌಶಿಕಿಯೆಂಬ ಪರಿವ್ರಾಜಿಕೆಯನ್ನು ಮಧ್ಯಸ್ಥಳನ್ನಾಗಿ ಮಾಡುವನು. ಆಕೆಯೋ, ಮಾಲವಿಕೆಯನ್ನು ರಾಜನ ಕಣ್ಣಿಗೆ ಬೀಳಿಸುವ ಹೂಟದಲ್ಲಿ ಒಳಗಿನವಳು. ಗಣದಾಸನ ಶಿಷ್ಯೆಯಾದ ಮಾಲವಿಕೆ ನರ್ತಿಸಿದಳು, ನಿರ್ದೋಷವೆಂದಾಯಿತು. ಅಷ್ಟರಲ್ಲಿ ಮಧ್ಯಾಹ್ನವಾಗಿ ಊಟದ ಹೊತ್ತು ಬಂದಿತು. ಹರದತ್ತನ ಸರದಿ ಮರುದಿನಕ್ಕೆ! ನಾವು ಮಕ್ಕಳಿಗೆ ಈ ಅಂಕವನ್ನು ಪಾಠ ಹೇಳುವಾಗ ಹರದತ್ತನ ಮಾತು ಬಂದರೆ ನಗಿಸುತ್ತಿದ್ದೆವು. ದೇವದುರ್ಗದಿಂದ ಬಂದ ಮೇಲೆ ನಗಿಸಲಿಲ್ಲ.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಾಶ್ನಿಕರ ವಿಚಾರವನ್ನು ಬಿಡಿಸಿ ಹೇಳಿರುವನು. ಛಂದಸ್ಸಿಗೆ ಛಂದಸ್ಸು ಬಲ್ಲವನು, ಬಿಲ್ಲಿನ ಅಭಿನಯಕ್ಕೆ ಬಿಲ್ಲು ಬಲ್ಲವನು, ಹೀಗೆ ಒಂದೊಂದಕ್ಕೆ ಒಬ್ಬೊಬ್ಬರು. ಅವರು ರಂಗದಿಂದ ಹನ್ನೆರಡು ಮೊಳ ದೂರದಲ್ಲಿ ಕುಳಿತಿರಬೇಕು. ಜೊತೆಯಲ್ಲಿ ಬರೆಯುವವರೂ ಎಣಿಸುವವರೂ ಇರಬೇಕು. ಇನ್ನು ನಮ್ಮ ಸೀಮೆಯ ಆಚೆಗೆ, ಭೀಮಾತೀರದ ಸನ್ನತಿಯಲ್ಲಿ, 1980ರ ದಶಕದಲ್ಲಿ ಕಾಳಿಕಾದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಆಜ್ಞೆಗಳು ದೊರೆತುವು. ಧೌಲಿಯಲ್ಲಿಯೂ ಇರುವ ಅವುಗಳಲ್ಲೊಂದು ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದುದು. ಅಸೂಯೆ, ಸಿಟ್ಟು, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು, ಇವು ನ್ಯಾಯವನ್ನು ಕೆಡಿಸುವುವೆಂದು ಚಕ್ರವರ್ತಿಯು ಎಣಿಸಿರುವನು. ಉಂಡ ಮನೆಯ ಹಂಗನ್ನು ಆತನೂ ಬರೆಯಲು ಮರೆತನು.

ಗಬ್ಬೂರಿನಲ್ಲಿ ಬಸ್ಸು ಸ್ವಲ್ಪ ನಿಂತಿತು. ಹಳೆಯ ಗುಡಿಗಳೂ ಶಾಸನಗಳೂ ಉಳ್ಳ ಊರು. ಇಳಿದು ನೋಡಲು ವೇಳೆಯಿರಲಿಲ್ಲ, ಒಗ್ಗರಣೆ ಮಿರ್ಚಿಗೆ ಮಾತ್ರ ವೇಳೆ ಸಿಕ್ಕಿತು. ದೇವದುರ್ಗದಲ್ಲಿ ಮಿತ್ರರು ಮನೆಗೆ ಊಟಕ್ಕೆ ಕರೆದರು. ಉಂಡು ಬಂದಿರುವೆವೆಂದು ಹೇಳಿ ನೇರವಾಗಿ ಚಪ್ಪರಕ್ಕೆ ನಡೆದೆವು.

ಅಲ್ಲಿ ಆ ರೈತ ಕುಳಿತಿದ್ದ. ಮಗಳು ಈಗ ಕೋಲಾಟ ಕಲಿಸುವ ಶಿಕ್ಷಕಿ. ಆಕೆಯ ಮಕ್ಕಳ ತಂಡವೂ ಸ್ಪರ್ಧೆಯಲ್ಲಿತ್ತು. ನಮಗೆ ಮೈ ಬೆವರಿತು. ಅಂದು ಕಡಮೆ ಕೊಟ್ಟ ಕೈ ಇಂದು ಹೆಚ್ಚು ಕೊಡಲು ತವಕಿಸುತ್ತಿತ್ತು. ಇದೂ ಆ ದೋಷದ ತಂಗಿಯೇ. ಏರ್ಪಾಡು ಮಾಡಿದವರಿಗೆ ಹಿಂದಿನ ಸಂಗತಿಯನ್ನು ಹೇಳಿಬಿಟ್ಟೆವು. ಆ ತಂಡಕ್ಕೆ ನಮ್ಮ ಅಂಕ ಬೇಡ, ಉಳಿದಿಬ್ಬರ ಸರಾಸರಿಯನ್ನು ಹಿಡಿಯಿರಿ, ಯಾರು ಎಷ್ಟು ಕೊಟ್ಟರೆಂಬುದನ್ನು ಹೆಸರು ಹಿಡಿದು ಎಲ್ಲರೆದುರು ಓದಿರಿ ಎಂದೆವು. ಒಪ್ಪಿದರು. ರೈತನೂ ಕೇಳಿಸಿಕೊಂಡ.

"ಅಲ್ರಿ ಮಾಸ್ತರ, ಆವತ್ತೂ ಕೊಡಲಿಲ್ಲ, ಇವತ್ತೂ ಕೊಡೂದಿಲ್ಲೇನ್ರಿ?" ಎಂದು ನಕ್ಕ.

ಕುರ್ಚಿಯನ್ನು ವೇದಿಕೆಯಿಂದ ಹನ್ನೆರಡು ಮೊಳ ಹಿಂದಕ್ಕೆ ಹಾಕಿಸಿಕೊಂಡೆವು. ತಾಳ, ಹೆಜ್ಜೆ, ಕೋಲಿನ ಹೊಂದಿಕೆಗಳಿಗೆ ಬೇರೆ ಬೇರೆ ಮನೆ ಮಾಡಿ ಬರೆದೆವು. ಆಕೆಯ ತಂಡಕ್ಕೆ ಎರಡನೆಯ ಸ್ಥಾನ ಬಂದಿತು. ಅಂಕಗಳನ್ನು ಓದುತ್ತಿದ್ದಾಗ ಒಂದಿಬ್ಬರು ಗೊಣಗಿದರು. ಒಬ್ಬ ತಾಯಿ ನಮ್ಮ ಬಳಿಗೆ ಬಂದು, ಹೆಜ್ಜೆಗೆ ಆರೇ ಏಕೆಂದು ಕೇಳಿದಳು. ಹಾಳೆಯನ್ನು ತೋರಿಸಿದೆವು. ಪೂರ್ತಿ ಒಪ್ಪಲಿಲ್ಲ, ಆದರೂ ಓದಿ ನೋಡಿ ಹೋದಳು.

ಸಂಜೆ ರೈತನ ಹೊಸ ಎತ್ತುಗಳನ್ನು ನೋಡಲು ಅವರ ಮನೆಗೆ ಹೋದೆವು. ರೊಟ್ಟಿ ಆಗಿದೆ, ಏಳಿರೆಂದರು. ಫಲಿತಾಂಶವನ್ನು ಓದಿ ಮುಗಿದಿತ್ತಾದುದರಿಂದ ಕೈ ತೊಳೆದು ಕುಳಿತೆವು.