ಕಾಣದ್ದೆಲ್ಲ ಇಲ್ಲವೆಂದಲ್ಲ

ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಗಡಿಗೆಯೇ ಇಲ್ಲವೆನ್ನಲಾಗದು. ದೀಪ ಹಿಡಿದು, ಇರಬೇಕಾದ ಸ್ಥಳದಲ್ಲಿ ನೋಡಿಯೂ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಶಾಸ್ತ್ರಕಾರರು ಇದನ್ನು ಯೋಗ್ಯಾನುಪಲಬ್ಧಿ ಎಂದು ಕರೆದರು. ಮಠದ ಪಾಠಶಾಲೆಯಲ್ಲಿ ಇದನ್ನು ನಾವು ಕಂಠಪಾಠ ಮಾಡಿದವರು. ಮುಂದೆ ಎಷ್ಟೋ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವರು. ಆದರೆ ಅದರ ಅರ್ಥ ನಮಗೆ ಮನದಟ್ಟಾದದ್ದು ಅರವತ್ತು ದಾಟಿದ ಮೇಲೆ, ಒಂದು ಲ್ಯಾಪ್‌ಟಾಪಿನ ಮುಂದೆ.

ಗುಬ್ಬಿಯಲ್ಲಿ ನಮ್ಮ ಅಕ್ಕ ಒಬ್ಬರೇ ಇದ್ದಾರೆ. ಮಗ, ಸೊಸೆ ಇಬ್ಬರೂ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ. ಅಕ್ಕನಿಗೆ ಕಿವಿ ಮಂದವಾದುದರಿಂದ ದೂರವಾಣಿಯ ಮಾತು ತಿಳಿಯುವುದಿಲ್ಲ. ತೆರೆಯ ಮೇಲೆ ಮುಖ ಕಂಡರೆ ತುಟಿಯ ಚಲನೆ ನೋಡಿ ಗ್ರಹಿಸುತ್ತಾರೆ. ಅದಕ್ಕೆಂದೇ ಮಗ ಕೊಡಿಸಿದ ಯಂತ್ರವದು. ಆ ಭಾನುವಾರ ಮೊಮ್ಮಗಳ ನಾಮಕರಣ. ಅಲ್ಲಿ ಬೆಳಗಿನ ಹತ್ತು ಗಂಟೆಯಾದಾಗ ನಮಗೆ ಐದೂವರೆ. ಶುಕ್ರವಾರ ಪಕ್ಕದ ಮನೆಯವರು ತುಮಕೂರಿಗೆ ಕರೆ ಮಾಡಿ, ಯಂತ್ರದಲ್ಲಿ ವೈಫೈ ಬರುತ್ತಿಲ್ಲವೆಂದು ನಮಗೆ ತಿಳಿಸಿದರು.

ಒಡನೆಯೇ ಬಸ್ಸು ಹಿಡಿದು ಹೋದೆವು. ಗೋಡೆಯ ರೌಟರಿನ ದೀಪಗಳು ಉರಿಯುತ್ತಿದ್ದವು. ಪಕ್ಕದ ಮನೆಯ ಹುಡುಗಿಯ ಮೊಬೈಲಿಗೆ ಅದೇ ಸಂಪರ್ಕ ಸಿಕ್ಕಿತು. ಅಂದಮೇಲೆ ದೋಷ ಲ್ಯಾಪ್‌ಟಾಪಿನದೇ. ‘ಏರ್‌ಪ್ಲೇನ್ ಮೋಡ್’ ನೋಡಿದೆವು. ಅದು ಆರಿಯೇ ಇತ್ತು. ಯಂತ್ರವನ್ನು ಎರಡು ಸಲ ನಿಲ್ಲಿಸಿ ಮತ್ತೆ ಹೊತ್ತಿಸಿದೆವು. ವೈಫೈ ಎಂಬ ಗುಂಡಿಯೇ ತೆರೆಯಿಂದ ಮಾಯವಾಗಿತ್ತು.

ಅಕ್ಕ ಬಹಳ ಹೊತ್ತು ಸುಮ್ಮನಿದ್ದು, “ಧೂಳಾಗಿತ್ತೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದೆನಪ್ಪ. ನಾನೇ ಕೆಡಿಸಿಬಿಟ್ಟೆ. ಮಗನಿಗೆ ಹೇಳಬೇಡ” ಎಂದರು. ಕಣ್ಣು ತುಂಬಿತ್ತು. ನಮಗೂ ಅದು ನಿಜವೆಂದೇ ತೋರಿತು. “ಇಂಥ ವಸ್ತುವನ್ನು ನೀರಿನಲ್ಲಿ ಒರೆಸುತ್ತಾರೆಯೇ ಅಕ್ಕ?” ಎಂದುಬಿಟ್ಟೆವು. ಅವರು ಮರುಮಾತಾಡಲಿಲ್ಲ.

ತುಮಕೂರಿನ ಅಂಗಡಿಯೊಂದಕ್ಕೆ ಒಯ್ದಾಗ, ಅಲ್ಲಿಯವರು ತೆರೆಯನ್ನು ಒಮ್ಮೆ ನೋಡಿ, “ಒಳಗಿನ ಕಾರ್ಡೇ ಹೋಗಿದೆ, ತರಿಸಲು ಎಂಟು ದಿನ ಬೇಕು” ಎಂದರು. ಭಾನುವಾರಕ್ಕೆ ಉಳಿದದ್ದು ಒಂದೇ ದಿನ.

ಶನಿವಾರ ಕುಣಿಗಲ್ಲಿನಲ್ಲಿ ಸಹಪಾಠಿಯೊಬ್ಬರ ಮನೆಯ ಶಿವಗಣಾರಾಧನೆಗೆ ಹೋಗುವುದಿತ್ತು. ಯಂತ್ರವನ್ನು ಚೀಲದಲ್ಲಿಟ್ಟುಕೊಂಡೇ ಹೊರಟೆವು. ಪ್ರಸಾದವಾದ ಮೇಲೆ ಆ ಮನೆಯ ಮೊಮ್ಮಗ, ಡಿಪ್ಲೊಮಾ ಓದುತ್ತಿರುವ ಹುಡುಗ, ಅದನ್ನು ತೊಡೆಯ ಮೇಲಿಟ್ಟುಕೊಂಡ. ವಿಂಡೋಸ್ ಗುರುತಿನ ಕೀಲಿಯೊಡನೆ ‘ಆರ್’ ಅಕ್ಷರ ಒತ್ತಿ, ‘ಎನ್‌ಸಿಪಿಎ ಡಾಟ್ ಸಿಪಿಎಲ್’ ಎಂದು ಬರೆದ. ಸಂಪರ್ಕಗಳ ಪಟ್ಟಿ ತೆರೆಯಿತು. ಅದರಲ್ಲಿ ವೈಫೈ ಇತ್ತು! ಆದರೆ ಬಣ್ಣವಿಲ್ಲದೆ ಮಸುಕಾಗಿತ್ತು. ಕೆಳಗೆ ‘ಡಿಸೇಬಲ್ಡ್’ ಎಂದು ಬರೆದಿತ್ತು.

“ಗುರುಗಳೇ, ಕಾರ್ಡು ಕೆಟ್ಟಿಲ್ಲ. ಇದನ್ನು ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ. ಹೀಗೆ ನಿಲ್ಲಿಸಿದರೆ ಯಂತ್ರವನ್ನು ಎಷ್ಟು ಸಲ ಹೊತ್ತಿಸಿದರೂ ತಾನಾಗಿ ಏಳದು” ಎಂದ ಹುಡುಗ.

ಆಗ ನೆನಪಾಯಿತು. ಹಿಂದಿನ ವಾರ ನಾವು ಅಕ್ಕನ ಮನೆಯಲ್ಲಿದ್ದು, ಎಡೆಯೂರು ಸಿದ್ಧಲಿಂಗೇಶ್ವರರ ‘ಷಟ್‌ಸ್ಥಲ ಜ್ಞಾನಸಾರಾಮೃತ’ದ 701 ವಚನಗಳಿಗೆ ಟಿಪ್ಪಣಿ ಬೆರಳಚ್ಚಿಸುತ್ತಿದ್ದೆವು. ತೆರೆಯ ಮೂಲೆಯಲ್ಲಿ ಏಳುವ ಸಂದೇಶಗಳಿಂದ ಏಕಾಗ್ರತೆ ಕೆಡುತ್ತಿದ್ದುದರಿಂದ, ಹಿಂದೆ ಶಿಷ್ಯನೊಬ್ಬ ತೋರಿಸಿದ್ದಂತೆ ಇದೇ ಪಟ್ಟಿಯಲ್ಲಿ ‘ಡಿಸೇಬಲ್’ ಒತ್ತಿದವರು ನಾವೇ! ಒತ್ತಿ ಮರೆತಿದ್ದೆವು.

ಹುಡುಗ ಬಲಗುಂಡಿ ಒತ್ತಿ ‘ಎನೇಬಲ್’ ಎಂಬುದನ್ನು ಆರಿಸಿದ. ಕ್ಷಣಾರ್ಧದಲ್ಲಿ ಬಣ್ಣ ಬಂದಿತು. ಮನೆಮನೆಗೂ ಲ್ಯಾಪ್‌ಟಾಪ್ ಬಂದಿರುವ ಈ ಕಾಲದಲ್ಲಿ ವಾಚಕರಿಗೆ ಉಪಯೋಗವಾದೀತೆಂದು ಆತ ಹೇಳಿದ್ದನ್ನು ಇಲ್ಲಿ ಬರೆಯುತ್ತೇವೆ. ‘ಡಿವೈಸ್ ಮ್ಯಾನೇಜರ್’ ತೆರೆದು ‘ನೆಟ್‌ವರ್ಕ್ ಅಡಾಪ್ಟರ್ಸ್’ ಎಂಬಲ್ಲಿ ನೋಡಬೇಕು. ಹೆಸರಿನ ಮೇಲೆ ಕೆಳಮುಖದ ಬಾಣವಿದ್ದರೆ ಅದನ್ನು ನಿಲ್ಲಿಸಲಾಗಿದೆ ಎಂದರ್ಥ. ‘ಎನೇಬಲ್’ ಮಾಡಿದರೆ ಸಾಕು. ಹಳದಿ ತ್ರಿಕೋನವಿದ್ದರೆ ಸಾಮಾನ್ಯವಾಗಿ ಅದನ್ನು ನಡೆಸುವ ‘ಡ್ರೈವರ್’ ತಂತ್ರಾಂಶದಲ್ಲಿ ತೊಡಕಿರುತ್ತದೆ. ಹೆಸರೇ ಇಲ್ಲದಿದ್ದರೆ ಮಾತ್ರ ಕಾರ್ಡಿನ ಮೇಲೆ ಸಂಶಯಪಡಬೇಕು. ಹಳೆಯ ಕೆಲವು ಯಂತ್ರಗಳ ಅಂಚಿನಲ್ಲಿ ವೈಫೈಗೆಂದೇ ಒಂದು ಸಣ್ಣ ಸ್ವಿಚ್ಚಿರುತ್ತದೆ, ಅದನ್ನೂ ಗಮನಿಸಬೇಕು. ಕಾರ್ಡು ನಿಜವಾಗಿಯೇ ಕೆಟ್ಟಿದ್ದರೂ ಯುಎಸ್‌ಬಿ ರಂಧ್ರಕ್ಕೆ ಚುಚ್ಚುವ ಸಣ್ಣ ಅಡಾಪ್ಟರಿನಿಂದ ಕೆಲಸ ಸಾಗುತ್ತದೆ.

ಆ ರಾತ್ರಿಯೇ ಗುಬ್ಬಿಗೆ ಹೋದೆವು. “ಅಕ್ಕ, ಕೆಡಿಸಿದವರು ನೀವಲ್ಲ. ನಿಲ್ಲಿಸಿ ಮರೆತವನು ನಿಮ್ಮ ತಮ್ಮ” ಎಂದು ಕಿವಿಯ ಬಳಿ ಗಟ್ಟಿಯಾಗಿ ಹೇಳಿದೆವು. ಅವರು ನಮ್ಮ ಮುಖವನ್ನೇ ನೋಡುತ್ತ, “ಒಂದು ವಾರ ನನಗೆ ಊಟ ಸೇರಿರಲಿಲ್ಲವಪ್ಪ” ಎಂದಷ್ಟೇ ಅಂದರು. ಅವರು ಗದರಿಸಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಬೆಳಗಿನ ಐದಕ್ಕೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ಅಕ್ಕ ತೆರೆಯ ಮುಂದೆ ಕುಳಿತರು. ಮಗ ಕೂಸಿನ ಹೆಸರನ್ನು ಮೂರು ಸಲ ಹೇಳಿದ. ಅಕ್ಕ ಅವನ ತುಟಿ ನೋಡಿ ಮೊದಲ ಸಲಕ್ಕೇ ತಿಳಿದುಕೊಂಡಿದ್ದರು.

ಅಂಗಡಿಯವರು ಸರಿಯಾದ ಸ್ಥಳದಲ್ಲಿ ನೋಡದೆ ಕಾರ್ಡು ಹೋಗಿದೆಯೆಂದರು. ಶಾಸ್ತ್ರ ಓದಿದ ನಾವು ನಮ್ಮ ತಪ್ಪನ್ನು ಹುಡುಕದೆ ಅಕ್ಕನ ತಪ್ಪೆಂದೆವು. ಎರಡೂ ಕತ್ತಲ ಕೋಣೆಯ ತೀರ್ಮಾನಗಳೇ. ದೀಪ ಹಿಡಿದು ತೋರಿಸಿದವನು ಕುಣಿಗಲ್ಲಿನ ಆ ಹುಡುಗ. ಅವನಿಗೆ ನಮ್ಮ ಶರಣು.