ಬೈಗುಳ ಉಳಿದ ಬಾಯಿ

ಮಂಚದ ಕಾಲಿಗೆ ಕಿರುಬೆರಳು ಬಡಿದರೆ ನೋವು ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯದು ಚುರುಕ್ಕೆಂದು ಬಂದು ಹೋಗುತ್ತದೆ. ಆಮೇಲೊಂದು ಬಿಡುವು. ಸಾಲ ಕೊಟ್ಟವನನ್ನು ಬೀದಿ ತಿರುವಿನಲ್ಲಿ ಕಂಡವನ ಹಾಗೆ ಮನುಷ್ಯ ಒಂಟಿಕಾಲಲ್ಲಿ ನಿಂತು ಕಾಯುತ್ತಾನೆ. ಬಂದೇ ಬರುತ್ತದೆ, ಹೊಟ್ಟೆ ತೊಳೆಸುವಂಥ ಎರಡನೆಯ ನೋವು. ಮೊದಲ ನೋವನ್ನು ಹೊರುವ ಎ-ಡೆಲ್ಟಾ ನರತಂತುಗಳಿಗೆ ಕೊಬ್ಬಿನ ಹೊದಿಕೆಯಿದೆ. ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಮುಟ್ಟಿಸುತ್ತವೆ. ಎರಡನೆಯದನ್ನು ಹೊರುವ ಸಿ-ತಂತುಗಳದು ಬರಿಮೈ, ಸೆಕೆಂಡಿಗೆ 2 ಮೀಟರ್ ದಾಟುವುದೇ ಕಷ್ಟ. ಉದ್ದ ಕಾಲಿನವರು ಹೆಚ್ಚು ಹೊತ್ತು ಕಾಯಬೇಕು. ಕುಳ್ಳನಾಗಿದ್ದರಿಂದ ನನಗಾದ ಲಾಭ ಇದೊಂದೇ.

ಎರಡನೇ ಕಂತು ತಲುಪುವ ಮೊದಲೇ ಬಾಯಿಂದ 'ಅಯ್ಯಮ್ಮಾ' ಹೊರಟಿರುತ್ತದೆ. ಅದರ ಬೆನ್ನಿಗೆ, ಮಂಚ ಮಾಡಿದ ಬಡಗಿಯ ವಂಶಾವಳಿ. ಇದು ವ್ಯರ್ಥವಲ್ಲವಂತೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು ಹುಡುಗ ಹುಡುಗಿಯರ ಕೈಯನ್ನು ಮಂಜಿನಂಥ ನೀರಿನಲ್ಲಿ ಮುಳುಗಿಸಿಟ್ಟರು. ಬೈಯುತ್ತಿರುವಾಗ ಅವರು ಹೆಚ್ಚು ಹೊತ್ತು ತಾಳಿದರು. ಮೇಜನ್ನು ಬಣ್ಣಿಸುವ ಪದ ಹೇಳುತ್ತಿರುವಾಗ ಬೇಗ ಕೈ ತೆಗೆದರು. 2009ರಲ್ಲಿ ಪ್ರಕಟವಾದ ಈ ಸಂಶೋಧನೆಗೆ ಮರುವರ್ಷ ನಗೆಯ ಇಗ್ ನೊಬೆಲ್ ಬಂತು. ಅದೂ ಶಾಂತಿ ವಿಭಾಗದಲ್ಲಿ!

ಬೈಗುಳಕ್ಕೂ ಉಳಿದ ಮಾತಿಗೂ ಮಿದುಳಿನಲ್ಲಿ ಒಂದೇ ದಾರಿಯಿದ್ದಂತಿಲ್ಲ. 1861ರಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ ಆಸ್ಪತ್ರೆಯಲ್ಲಿ ವೈದ್ಯ ಪಾಲ್ ಬ್ರೋಕಾ ನೋಡಿದ ಲೆಬೋರ್ನ್ಯ ಎಂಬ ರೋಗಿ ಏನು ಕೇಳಿದರೂ 'ಟಾನ್, ಟಾನ್' ಅನ್ನುತ್ತಿದ್ದ. ಎದುರಿನವರಿಗೆ ಅರ್ಥವಾಗದೆ ಸಿಟ್ಟೇರಿದಾಗ ಮಾತ್ರ ದೇವರನ್ನೂ ಎಳೆದು ತರುವ ಅಚ್ಚುಕಟ್ಟಾದ ಫ್ರೆಂಚ್ ಬೈಗುಳ ಹೊರಬೀಳುತ್ತಿತ್ತು. ಆತ ಸತ್ತ ಮೇಲೆ ನೋಡಿದರೆ ಮಿದುಳಿನ ಎಡ ಮುಂಭಾಗ ಹಾಳಾಗಿತ್ತು. ಮಾತು ಕಟ್ಟುವ ಆ ಜಾಗಕ್ಕೆ ಬ್ರೋಕಾನ ಹೆಸರೇ ನಿಂತಿತು. ಬೈಗುಳ, ಮಗ್ಗಿ, ಪ್ರಾರ್ಥನೆಯಂಥ ಬಾಯಿಪಾಠದ ಮಾತಿಗೆ ಮಿದುಳಿನ ಬಲಭಾಗವೂ ಆಳದ ನರಗಂಟುಗಳೂ ಒದಗುತ್ತವೆ ಎನ್ನುತ್ತಾರೆ ಆಮೇಲಿನವರು.

ನನಗೆ ಈ ವಿಷಯ ಪುಸ್ತಕಕ್ಕಿಂತ ಮೊದಲು ದೊಡ್ಡಮ್ಮನಿಂದ ಗೊತ್ತು. ಲಕ್ವ ಹೊಡೆದ ಮೇಲೆ ಅವಳಿಗೆ 'ನೀರು' ಎಂಬ ಮಾತು ಸಿಗುತ್ತಿರಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಲೋಟ ಹಿಡಿದು ಕೂತರೆ ದೊಡ್ಡಮ್ಮ ತುಟಿ ಅದುರಿಸಿ, ನಾಚಿ, ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ದೇವರನಾಮವನ್ನು ಮಾತ್ರ ಪಲ್ಲವಿಯಿಂದ ಅಂಕಿತದವರೆಗೆ ಒಂದಕ್ಷರ ತಪ್ಪದೆ ಹಾಡುವಳು. ಒಂದು ಮಧ್ಯಾಹ್ನ ಬೆಕ್ಕು ಹಾಲಿನ ಪಾತ್ರೆಗೆ ಬಾಯಿಟ್ಟಿತು.

"ನಿನ್ನ ಮನೆ ಹಾಳಾಗ! ನಿನ್ನ ವಂಶ ನಿರ್ವಂಶ ಆಗ!"

ಅಷ್ಟು ದಿನಗಳಿಂದ ಆ ಧ್ವನಿ ಕೇಳದಿದ್ದ ಮನೆಯವರೆಲ್ಲ ಅಡಿಗೆಮನೆಗೆ ಓಡಿದೆವು. ಬೈದು ಮುಗಿಸಿದವಳಿಗೆ ನಮ್ಮನ್ನು ಕಂಡೊಡನೆ ಮಾತು ನಿಂತುಹೋಯಿತು. ಜೀವಮಾನವಿಡೀ ಆ ಬಾಯಿಗೆ ಹೆದರಿ ಜಗಲಿಯಲ್ಲೇ ಕಾಲ ಕಳೆದ ದೊಡ್ಡಪ್ಪ ಮರುದಿನದಿಂದ, ಯಾರೂ ನೋಡದ ಹೊತ್ತಿನಲ್ಲಿ, ಹಾಲಿನ ಮುಚ್ಚಳ ಸರಿಸಿ ಹಿತ್ತಿಲ ಬಾಗಿಲು ತೆರೆದಿಡತೊಡಗಿದರು.