ಭರಣಿಯೊಳಗಿನ ಪಾಠ

ಬೇಸಿಗೆಯ ಬಿಸಿಲನ್ನು ಮಳೆಗಾಲಕ್ಕೆ ಕೂಡಿಡುವುದು ಹಿರಿಯರ ಹಳೆಯ ಲೆಕ್ಕಾಚಾರ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುದಿನವೇ ಕತ್ರಿಗುಪ್ಪೆಯ ಆ ಹುಡುಗನಿಗೂ ಅದರಲ್ಲಿ ಪಾಲು ಸಿಕ್ಕಿತು: ತಾರಸಿಯ ಮೇಲಿನ ಸಂಡಿಗೆ, ಬಾಳಕದ ಮೆಣಸಿನಕಾಯಿ ಕಾಯುವುದು. ಮಂಡಿನೋವಿನ ಅಜ್ಜಿ ಈ ಸಲ ಮೆಟ್ಟಿಲು ಹತ್ತುವಂತಿರಲಿಲ್ಲ. ಮೆಣಸಿನಕಾಯಿಗೆ ರಾತ್ರಿ ಉಪ್ಪು ಮಜ್ಜಿಗೆ, ಹಗಲು ಬಿಸಿಲು. ಮಜ್ಜಿಗೆಯೆಲ್ಲ ಹೀರುವವರೆಗೂ ಇದೇ ಸರದಿ.

ಕೆಳಗೆ ಭರಣಿಯಲ್ಲಿ ಮಾವಿನ ಮಿಡಿ, ಕಲ್ಲುಪ್ಪು ಪದರ ಪದರವಾಗಿ ಕೂತಿದ್ದವು. ಹನಿ ನೀರೂ ಹಾಕಿರಲಿಲ್ಲ. ಕೆಲವೇ ದಿನಗಳಲ್ಲಿ ಮಿಡಿಗಳು ಸುಕ್ಕಾಗಿ, ತಮ್ಮದೇ ನೀರಿನಲ್ಲಿ ನೆನೆದಿದ್ದವು.

‘ನೀರು ಎಲ್ಲಿಂದ ಬಂತಜ್ಜೀ?’

‘ಉಪ್ಪು ಎಳಕೊಂಡಿತು ಕಣೋ.’

ಪುಸ್ತಕದ ‘ಅಭಿಸರಣೆ’ ಕಣ್ಣೆದುರಿಗಿತ್ತು. ನೀರು ಕಳೆದು ಉಪ್ಪು ಹೆಚ್ಚಿದಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಉಪ್ಪಿನಕಾಯಿಯ ಬಾಳಿಕೆಯ ಗುಟ್ಟು ಅದೇ.

ಒಂದು ಮಧ್ಯಾಹ್ನ ಅವನು ಕ್ರಿಕೆಟ್ಟಿಗೆ ಓಡಿದ್ದಾಗಲೇ ಮಳೆ ಸುರಿಯಿತು. ಸಂಡಿಗೆಯೆಲ್ಲ ಅಂಬಲಿ. ತಲೆ ತಗ್ಗಿಸಿ ನಿಂತವನನ್ನು ಅಜ್ಜಿ ಬೈಯಲಿಲ್ಲ.

‘ನಾಳೆ ಹಿಟ್ಟು ನೀನೇ ತೊಳಸು. ನಾನು ಪಕ್ಕದಲ್ಲಿ ಕೂತಿರ್ತೀನಿ’ ಎಂದರು.

ಆಷಾಢದ ಗಾಳಿಮಳೆಯಲ್ಲಿ ಮೊಸರನ್ನದ ಪಕ್ಕಕ್ಕೆ ಕರಿದ ಸಂಡಿಗೆ ಬಂತು. ಅದರ ಹದ ಈಗ ಆ ಮನೆಯಲ್ಲಿ ಇಬ್ಬರಿಗೆ ಗೊತ್ತು.